ಊರಿನ ಕಂಪ್ಯೂಟರ್ ಅಂಗಡಿಗೆ ಲಿನಕ್ಸ್ ಒಯ್ಯೋಣ

(ಜರ್ಮನಿಯಲ್ಲಿ ನಮ್ಮ ಕನ್ನಡ ಕೂಟದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಭೆಗೆ ಬರಲಾಗದ ಗೆಳೆಯರು ಕೇಳಿದ್ದರಿಂದ ಇಲ್ಲಿ ಕೊಡುತ್ತಿದ್ದೇನೆ.)



ಇವತ್ತಿನ ವಿಷಯ ಮುಕ್ತ ತಂತ್ರಾಂಶ. ಈ ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಅರ್ಧ ಜನ "ಇದೇನು ಹೊಸದು, ನಾವು ಆಫೀಸಿನಲ್ಲಿ ದಿನಾ ಲಿನಕ್ಸ್ ಮೇಲೇ ಕೆಲಸ ಮಾಡೋದು" ಅಂದುಕೊಂಡಿರುತ್ತೀರಿ. ಉಳಿದ ಅರ್ಧ ಜನ ಊಟಕ್ಕೆ ಇನ್ನೆಷ್ಟು ಹೊತ್ತು ಅಂತ ಗಡಿಯಾರ ನೋಡ್ತಿದ್ದೀರಿ. ಇಬ್ಬರಿಗೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸರ್ವರ್‌ಗಳ ಬಗ್ಗೆ ಮಾತಾಡುವುದಿಲ್ಲ, ಕೋಡ್ ಬಗ್ಗೆಯೂ ಇಲ್ಲ. ನಮ್ಮ ನಮ್ಮ ಊರಿನ ಬಸ್ ಸ್ಟ್ಯಾಂಡ್ ಹತ್ತಿರ, ಮೊಬೈಲ್ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದು ಕಂಪ್ಯೂಟರ್ ಅಂಗಡಿ ಇದೆಯಲ್ಲ, ಅದನ್ನು ನಡೆಸುವವರ ಬಗ್ಗೆ ಮಾತಾಡುತ್ತೇನೆ.

ತೀರ್ಮಾನ ಮಾಡುವವರು ಯಾರು?

ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ. ಪಿಯುಸಿ ಮುಗಿಸಿದ ಮಗಳಿಗೆ ಅಪ್ಪ ಒಂದು ಲ್ಯಾಪ್‌ಟಾಪ್ ಕೊಡಿಸಬೇಕು. ಹೊಸದಕ್ಕೆ ದುಡ್ಡು ಸಾಲದು, ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇರಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ಅಪ್ಪನಲ್ಲ, ಮಗಳಲ್ಲ, ಸರ್ಕಾರವೂ ಅಲ್ಲ. ಅಂಗಡಿಯವರು. ಅವರ ಡ್ರಾಯರಿನಲ್ಲಿ ಒಂದು ಪೆನ್ ಡ್ರೈವ್ ಇರುತ್ತದೆ. ಅದರಲ್ಲಿರುವುದು ಆ ಲ್ಯಾಪ್‌ಟಾಪಿಗೆ ಹೋಗುತ್ತದೆ. ಮುಂದಿನ ನಾಲ್ಕೈದು ವರ್ಷ ಆ ಹುಡುಗಿಗೆ ಕಂಪ್ಯೂಟರ್ ಅಂದರೆ ಅದೇ.

ಆ ಪೆನ್ ಡ್ರೈವಿನಲ್ಲಿ ಇರುವುದು ಬಹಳ ಸಲ ಕಳ್ಳ ಪ್ರತಿ. ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿ.ಎಸ್.ಎ. ಲೆಕ್ಕದ ಪ್ರಕಾರ ಭಾರತದಲ್ಲಿ ಲೈಸೆನ್ಸ್ ಇಲ್ಲದ ತಂತ್ರಾಂಶದ ಪ್ರಮಾಣ 2015ರಲ್ಲಿ ಶೇ. 58, 2017ರಲ್ಲಿ ಶೇ. 56. ಇದು ಮಾರುವವರೇ ಹಾಕಿದ ಲೆಕ್ಕ, ಆ ಎಚ್ಚರ ನಮಗಿರಲಿ. ಆದರೂ ನಮ್ಮ ಊರುಗಳನ್ನು ಕಂಡವರಿಗೆ ಇದು ಆಶ್ಚರ್ಯದ ಸಂಖ್ಯೆ ಅಲ್ಲ.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ನೋಡಿ. ಕಳ್ಳ ಪ್ರತಿ ಅಂತ ಗೊತ್ತಿದ್ದೂ ತಂತ್ರಾಂಶ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆಮನೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಬಳಸದಿದ್ದರೆ ನ್ಯಾಯಾಲಯ ಸೆರೆವಾಸ ಬಿಟ್ಟು ದಂಡ ಮಾತ್ರ ಹಾಕಬಹುದು. ತಿಂಗಳಿಗೆ ನಾಲ್ಕೈದು ಲ್ಯಾಪ್‌ಟಾಪ್ ಮಾರುವ ಒಬ್ಬ ಅಂಗಡಿಯವರ ತಲೆ ಮೇಲೆ ಈ ಕತ್ತಿ ಸದಾ ತೂಗುತ್ತಿರುತ್ತದೆ.

ಕಾನೂನು ಒಂದು ಕಡೆ ಇರಲಿ. ಕಳ್ಳ ವಿಂಡೋಸನ್ನು ಅಸಲಿ ಮಾಡಿಸುವ ಸಣ್ಣ ತಂತ್ರಾಂಶಗಳು ಮೊದಲು ಕೇಳುವುದೇ "ಆಂಟಿವೈರಸ್ ಆಫ್ ಮಾಡಿ" ಅಂತ. ಮನೆ ಬಾಗಿಲು ತೆಗೆದಿಟ್ಟು ಯಾರು ಬಂದರೋ ನೋಡದೆ ಮಲಗಿದ ಹಾಗೆ. ಆಮೇಲೆ ಅಪ್‌ಡೇಟ್ ಮಾಡಿದರೆ ಎಲ್ಲಿ ಸಿಕ್ಕಿಬೀಳುತ್ತೀವೋ ಅಂತ ಅಪ್‌ಡೇಟನ್ನೂ ನಿಲ್ಲಿಸಿರುತ್ತಾರೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಗಣಕಗಳನ್ನು ಕೆಡಿಸಿತಲ್ಲ, ಅದು ನುಗ್ಗಿದ ಕಿಂಡಿಗೆ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲೇ, ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಹಾಕಿಕೊಳ್ಳದವರು ಬಲಿಯಾದರು. ಅಪ್‌ಡೇಟ್ ಹಾಕಿಕೊಳ್ಳಲು ಹೆದರುವವರ ಕಥೆ ಏನು, ಯೋಚಿಸಿ.

ಇಷ್ಟು ವರ್ಷ ನಾವು ಮಾಡಿದ್ದೇನು?

ಬೆಂಗಳೂರಿನಲ್ಲಿ ಮುಕ್ತ ತಂತ್ರಾಂಶದ ಪ್ರಚಾರ ಕಡಿಮೆ ಏನೂ ಆಗಿಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯಿತು. ಅದೇ ಮುಂದೆ ಫಾಸ್.ಇನ್ ಅಂತ ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಗುಂಪುಗಳನ್ನು ಕಟ್ಟಿದರು. ಲಿನಕ್ಸ್ ಫಾರ್ ಯೂ ಪತ್ರಿಕೆ ಜೊತೆ ಡಿಸ್ಕ್ ಬರುತ್ತಿತ್ತು. ಉಬುಂಟುವಿನ ಶಿಪ್‌ಇಟ್ ಯೋಜನೆ 2005ರಿಂದ 2011ರವರೆಗೆ ಕೇಳಿದವರಿಗೆಲ್ಲ ಪುಕ್ಕಟೆ ಸಿ.ಡಿ. ಕಳಿಸುತ್ತಿತ್ತು. ನಾನು ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲಿಗೂ ಒಂದು ಕಟ್ಟು ಬಂದಿತ್ತು. ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಆ ಸಿ.ಡಿ.ಯೇ ಅನ್ನದ ದಾರಿ ಆಯಿತು. ನನಗಂತೂ ಆಯಿತು.

ಆದರೆ ಲೆಕ್ಕ ಹಾಕಿ ನೋಡಿ. ಇವೆಲ್ಲ ಯಾರನ್ನು ಮುಟ್ಟಿದವು? ಇಂಜಿನಿಯರುಗಳನ್ನು. ಓದಿಕೊಂಡವರು ಓದಿಕೊಂಡವರಿಗೇ ಪಾಠ ಹೇಳಿದ ಹಾಗಾಯಿತು. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು, ಕೆಂಪು ಬಸ್ಸಿನಲ್ಲಿ ಹೇರಿಕೊಂಡು ಹೋಗಿ, ಊರಿನಲ್ಲಿ ಜೋಡಿಸಿ ಮಾರುವ ಮನುಷ್ಯನ ಹತ್ತಿರ ಒಬ್ಬರೂ ಹೋಗಿ "ಅಣ್ಣಾ, ನಿಮಗೇನು ಬೇಕು?" ಅಂತ ಕೇಳಲಿಲ್ಲ. ಸಿ.ಡಿ. ಹಂಚಿದೆವು, ಸಿ.ಡಿ. ಹಾಕಿಕೊಡುವವನನ್ನು ಮರೆತೆವು.

ಈಗಲೇ ಯಾಕೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು, ಆದರೆ ಅದಕ್ಕೆ ನೋಂದಣಿ ಮಾಡಿಸಿಕೊಳ್ಳಬೇಕು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚು ಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರಾಚೆಯದು ಬೇಕು.

ಈಗ ನಮ್ಮ ಊರಿನ ಅಂಗಡಿಯ ಕಪಾಟು ನೋಡಿ. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು. ಐದನೇ ತಲೆಮಾರು, ಆರನೇ ತಲೆಮಾರು. ಗಟ್ಟಿಮುಟ್ಟಾದ ಮಾಲು, ಕೀಬೋರ್ಡ್ ಸವೆದಿಲ್ಲ, ಪರದೆ ಚೆನ್ನಾಗಿದೆ. ಒಂದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ಐದು ವರ್ಷ ಓಡುತ್ತವೆ. ಇವಕ್ಕೆ ನಿಯಮದ ಪ್ರಕಾರ ವಿಂಡೋಸ್ 11 ಬರುವುದಿಲ್ಲ. ಹಳೇ ವಿಂಡೋಸ್ ಹಾಕಿ ಮಾರಿದರೆ ಬೆಂಬಲ ಇಲ್ಲದ ಗಣಕ. ತಡೆ ತಪ್ಪಿಸಿ ಹೊಸದು ಹಾಕಿ ಮಾರಿದರೆ ಮುಂದಿನ ಅಪ್‌ಡೇಟಿಗೆ ಏನಾಗುತ್ತದೋ ಗೊತ್ತಿಲ್ಲ. ಅಂಗಡಿಯವರಿಗೆ ಇದು ನಿಜವಾದ ತಲೆನೋವು. ಬೇರೆ ದಾರಿ ಇದೆಯಾ ಅಂತ ಮೊದಲ ಸಲ ಅವರೇ ಕೇಳುತ್ತಿದ್ದಾರೆ.

ಇಲ್ಲಿ ಯುರೋಪಿನಲ್ಲಿ ಇದಕ್ಕೆ ಏನು ಮಾಡಿದರು ಅನ್ನುವುದು ನಮಗೆ ಪಾಠ. ಕೆಡಿಇ ಬಳಗದವರು ಮತ್ತು ಇತರರು ಸೇರಿ 2025ರಲ್ಲಿ "ಎಂಡ್ ಆಫ್ 10" ಅನ್ನುವ ಚಳವಳಿ ಶುರು ಮಾಡಿದರು. ಅವರು ಜನರಿಗೆ "ಲಿನಕ್ಸ್ ಡೌನ್‌ಲೋಡ್ ಮಾಡಿಕೊಳ್ಳಿ" ಅಂತ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಯಾವ ಊರಿನಲ್ಲಿ ಯಾವ ರಿಪೇರಿ ಅಂಗಡಿ, ಯಾವ ರಿಪೇರ್ ಕೆಫೆ ಇದನ್ನು ಹಾಕಿಕೊಡುತ್ತದೆ ಅನ್ನುವ ಪಟ್ಟಿ ಮಾಡಿದರು. ರಿಪೇರ್ ಕೆಫೆ ಅನ್ನುವುದು 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಪದ್ಧತಿ. ಕೆಟ್ಟ ವಸ್ತು ತಂದರೆ ಗೊತ್ತಿದ್ದವರು ಕೂತು ಸರಿ ಮಾಡಲು ನೆರವಾಗುತ್ತಾರೆ. ನಮ್ಮಲ್ಲಿ ರಿಪೇರ್ ಕೆಫೆ ಬೇಕಿಲ್ಲ. ರಿಪೇರಿ ಅಂಗಡಿ ಪ್ರತಿ ಬೀದಿಯಲ್ಲೂ ಇದೆ. ಪಟ್ಟಿ ಮಾತ್ರ ಇಲ್ಲ.

ಅಂಗಡಿಯವರು ಹೇಳಿದ್ದು

ಹಿಂದಿನ ರಜೆಯಲ್ಲಿ ಹಾಸನ ಜಿಲ್ಲೆಯ ನಮ್ಮ ಊರಿಗೆ ಹೋದಾಗ ಅಂಥದೊಂದು ಅಂಗಡಿಯಲ್ಲಿ ಎರಡು ಗಂಟೆ ಕೂತೆ. ಅಂಗಡಿಯವರು ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಐ.ಟಿ.ಐ. ಓದಿದವರು, ಕೈ ಚಳಕ ಬಲ್ಲವರು. ಲಿನಕ್ಸ್ ಅಂದೆ. ನಕ್ಕರು.

"ಗೊತ್ತು ಸಾರ್. ಮುಂಚೆ ಕೆಲವು ಲ್ಯಾಪ್‌ಟಾಪು ಉಬುಂಟು ಹಾಕ್ಕೊಂಡೇ ಬರ್ತಿದ್ವು. ಗಿರಾಕಿ ಎದುರಿಗೇ ಅಳಿಸಿ ವಿಂಡೋಸ್ ಹಾಕ್ಕೊಡ್ತಿದ್ವಿ."

ಯಾಕೆ ಅಂತ ಕೇಳಿದೆ.

"ಗಿರಾಕಿ ಮನೆಗೆ ಹೋಗ್ತಾನೆ, ಪ್ರಿಂಟರ್ ಹಾಕ್ತಾನೆ, ಬರಲ್ಲ. ಫೋನ್ ಯಾರಿಗ್ ಮಾಡ್ತಾನೆ? ನಿಮಗಲ್ಲ, ನನಗೆ. ನೀವು ರಜಕ್ಕೆ ಬಂದು ಹದಿನೈದು ದಿನ ಇದ್ದು ಹೊರಟುಬಿಡ್ತೀರಾ. ದಿನಾ ಬೆಳಿಗ್ಗೆ ಇಲ್ಲಿ ಬಾಗಿಲು ತೆಗೀಬೇಕಾದೋನು ನಾನು."

ಗೆಳೆಯರೇ, ಈ ಮಾತಿಗೆ ಉತ್ತರ ಇಲ್ಲದಿದ್ದರೆ ನಾವು ಎಷ್ಟು ಭಾಷಣ ಮಾಡಿದರೂ ದಂಡ. ಅವರು ಲಿನಕ್ಸ್ ವಿರೋಧಿ ಅಲ್ಲ, ಕಳ್ಳರೂ ಅಲ್ಲ. ಊರಿನಲ್ಲಿ ಮುಖ ತೋರಿಸಿಕೊಂಡು ಬಾಳಬೇಕಾದ ಮನುಷ್ಯ. ಗಿರಾಕಿ ತಿರುಗಿ ಬಂದು ಬೈದರೆ ಅವರ ಹೆಸರು ಹೋಗುತ್ತದೆ. ಹಾಗಾಗಿ ಅವರ ಒಂದೊಂದು ಭಯವನ್ನೂ ಬರೆದುಕೊಂಡೆ. ಒಂದೊಂದಾಗಿ ನೋಡೋಣ.

ಭಯ 1: ಪ್ರಿಂಟರ್

ಭಯ ನಿಜ. ನಮ್ಮ ಊರಿನ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕೆಲವು ಹಳೇ ಲೇಸರ್ ಪ್ರಿಂಟರುಗಳು ಲಿನಕ್ಸಿನಲ್ಲಿ ಬಹಳ ಕಾಡುತ್ತವೆ. ಇನ್ನು ಕೆಲವು ಸಿಕ್ಕಿಸಿದ ಕೂಡಲೇ ನಡೆಯುತ್ತವೆ. ಎಚ್‌ಪಿ ಕಂಪನಿಯದು ಎಚ್‌ಪಿಲಿಪ್ ಅನ್ನುವ ಮುಕ್ತ ಚಾಲಕ ತಂತ್ರಾಂಶವೇ ಇದೆ, ಅವರ ಬಹುಪಾಲು ಮಾಡೆಲುಗಳಿಗೆ ಅದು ಆಗುತ್ತದೆ. ಪರಿಹಾರ ಸರಳ: ಅಂಗಡಿಯಲ್ಲಿ ಮಾರುವ ಮಾಡೆಲುಗಳನ್ನು ಒಂದು ದಿನ ಕೂತು ಪರೀಕ್ಷೆ ಮಾಡಿ, "ಇದು ನಡೆಯುತ್ತೆ, ಇದು ನಡೆಯಲ್ಲ" ಅಂತ ಒಂದು ಹಾಳೆ ಬರೆದು ಗೋಡೆಗೆ ಅಂಟಿಸುವುದು.

ಭಯ 2: ಟ್ಯಾಲಿ, ಫೋಟೋಶಾಪ್, ಪೇಜ್‌ಮೇಕರ್

ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ಟ್ಯಾಲಿ ವಿಂಡೋಸಿಗಾಗಿ ಮಾಡಿದ ತಂತ್ರಾಂಶ. ಮದುವೆ ಕಾರ್ಡು, ಫ್ಲೆಕ್ಸ್ ಬ್ಯಾನರ್ ಮಾಡುವ ಡಿಟಿಪಿ ಅಂಗಡಿಗೆ ಕೋರೆಲ್‌ಡ್ರಾ ಬೇಕು. ಆಡಿಟರಿಗೆ, ಡಿಟಿಪಿಯವರಿಗೆ, ಬೆರಳಚ್ಚು ಓದುವ ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರಗಳಿಗೆ ಲಿನಕ್ಸ್ ಹೇರಬೇಡಿ. ಅವರು ಲೈಸೆನ್ಸ್ ಕೊಂಡು ವಿಂಡೋಸ್ ಬಳಸಲಿ, ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ವಿದ್ಯಾರ್ಥಿಗೆ? ಮನೆಗೆ? ಸಣ್ಣ ಅಂಗಡಿಗೆ? ಅವರ ಕೆಲಸ ಬಹುತೇಕ ಬ್ರೌಸರಿನಲ್ಲೇ. ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ಯೂಟ್ಯೂಬ್ ಪಾಠ, ಬ್ಯಾಂಕು, ಮಿಂಚೆ. ಪತ್ರ ಬರೆಯಲು, ಲೆಕ್ಕದ ಹಾಳೆ ಮಾಡಲು ಲಿಬ್ರೆ ಆಫೀಸ್ ಸಾಕು. ವರ್ಡ್ ಕಡತಗಳನ್ನೂ ಅದು ತೆರೆಯುತ್ತದೆ. ಚಿತ್ತಾರ ಹೆಚ್ಚಿರುವ ಕಡತದಲ್ಲಿ ಸಾಲುಗಳು ಅಲ್ಲಲ್ಲಿ ಜರುಗಬಹುದು, ಅದನ್ನೂ ಮೊದಲೇ ಹೇಳಿಬಿಡಬೇಕು. ಗಿರಾಕಿಯನ್ನು "ಏನು ಕೆಲಸಕ್ಕೆ ಬೇಕು?" ಅಂತ ಒಂದೇ ಪ್ರಶ್ನೆ ಕೇಳಿದರೆ ಅರ್ಧ ಜಗಳ ತಪ್ಪುತ್ತದೆ.

ಭಯ 3: ಕನ್ನಡ ಟೈಪಿಂಗ್

ಇದು ನಮ್ಮ ಕೂಟಕ್ಕೆ ನೇರವಾಗಿ ಸೇರಿದ ವಿಷಯ. ಅಂಗಡಿಯವರು ಕೇಳಿದರು: "ನುಡಿ ಬರಲ್ವಲ್ಲ ಸಾರ್, ಮಕ್ಕಳು ಟೈಪಿಂಗ್ ಹೆಂಗ್ ಮಾಡ್ತಾರೆ?"

ನುಡಿ ತಂತ್ರಾಂಶ ವಿಂಡೋಸಿನದು, ನಿಜ. ಆದರೆ ನುಡಿಯ ಕೀಲಿಮಣೆ ವಿನ್ಯಾಸ ಯಾವ ಕಂಪನಿಯ ಸ್ವತ್ತೂ ಅಲ್ಲ. ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸದ ಮೇಲೆ ನಿಂತ ಈ ಕೆಜಿಪಿ ಕೀಲಿಮಣೆ ಲಿನಕ್ಸಿನಲ್ಲೂ ಇದೆ. ಐಬಸ್ ಮತ್ತು ಎಂ17ಎನ್ ಅನ್ನುವ ಎರಡು ಕಂತೆ ಹಾಕಿ, ಪಟ್ಟಿಯಲ್ಲಿ ಕನ್ನಡ ಕೆಜಿಪಿ ಆರಿಸಿಕೊಂಡರೆ ಮುಗಿಯಿತು. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಅಲ್ಲೇ ಇದೆ. ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಅಕ್ಷರಗಳಿಗೆ ಲೋಹಿತ್ ಇದೆ, ನೋಟೋ ಇದೆ, ನಮ್ಮವರೇ ಮಾಡಿದ ಗುಬ್ಬಿ, ನವಿಲು ಇವೆ.

ಇನ್ನೊಂದು ಮಾತು. ಹಳೇ ಶೈಲಿಯ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಹುಡುಕಲು ಆಗದು, ಫೋನಿನಲ್ಲಿ ಓದಲು ಆಗದು. ಯುನಿಕೋಡಿನಲ್ಲಿ ಬರೆದದ್ದು ಎಲ್ಲಿ ಹೋದರೂ ಕನ್ನಡವೇ. ಲಿನಕ್ಸಿನಲ್ಲಿ ಈ ರೀತಿ ಬರೆಯಲು ಕಲಿತ ಹುಡುಗ ಮೊದಲ ದಿನದಿಂದಲೇ ಯುನಿಕೋಡಿನಲ್ಲಿ ಬರೆಯುತ್ತಾನೆ. ಹಳೇ ಕಡತಗಳಿಗೆ ಪರಿವರ್ತಕಗಳಿವೆ, ಅವೂ ಮುಕ್ತ ತಂತ್ರಾಂಶವಾಗಿಯೇ ಸಿಗುತ್ತವೆ.

ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಎರಡಕ್ಕೂ ಕನ್ನಡ ಮುಖ ಇದೆ. ಅನುವಾದ ಎಲ್ಲ ಕಡೆ ಪೂರ್ತಿಯಾಗಿಲ್ಲ, ಕೆಲವು ಪದಗಳು ಗ್ರಾಂಥಿಕವಾಗಿವೆ ಅಂತ ನಾವೇ ಗೊಣಗುತ್ತೇವೆ. ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಬೇರೆ ತಂತ್ರಾಂಶದಲ್ಲಿ ಕನ್ನಡ ಬೇಕಾದರೆ ದೂರದ ಯಾವುದೋ ಕಂಪನಿ ಕನ್ನಡಕ್ಕೆ ಮಾರುಕಟ್ಟೆ ಇದೆಯೇ ಅಂತ ಲೆಕ್ಕ ಹಾಕಬೇಕು. ಇಲ್ಲಿ ತಪ್ಪು ಪದ ಕಂಡರೆ ನೀವೇ ತಿದ್ದಿ ಕಳಿಸಬಹುದು. ನಮ್ಮ ಭಾಷೆಗೆ ನಾವೇ ಜವಾಬ್ದಾರರು. ಕನ್ನಡಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಭಯ 4: ಸಂಪಾದನೆ

ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನೇ ಕೇಳಿದೆ. ವೈರಸ್ ಬಂತು ಅಂತ ಗಿರಾಕಿ ಬಂದರೆ ಫಾರ್ಮ್ಯಾಟ್ ಮಾಡಿದ್ದಕ್ಕೆ ಒಂದಿಷ್ಟು ದುಡ್ಡು ಬರುತ್ತದೆ. ಲಿನಕ್ಸ್ ಹಾಕಿದರೆ ಆ ದುಡ್ಡು ಹೋಗುವುದಿಲ್ಲವೇ?

ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಬಿಟ್ಟಿಗೂ ಬಿಡುಗಡೆಗೂ ಒಂದೇ ಪದ. ಅದರಿಂದಲೇ ಜಗತ್ತಿಗೆಲ್ಲ ಗೊಂದಲ. ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಇದು ಮುಕ್ತ ತಂತ್ರಾಂಶ. ಲಿನಕ್ಸಿನ ತಿರುಳು ಜಿಪಿಎಲ್ ಪರವಾನಗಿಯಲ್ಲಿದೆ. ಪ್ರತಿ ಮಾಡಿ ಕೊಡುವುದಕ್ಕೆ, ಹಾಕಿಕೊಡುವುದಕ್ಕೆ, ರಿಪೇರಿಗೆ ದುಡ್ಡು ತೆಗೆದುಕೊಳ್ಳಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ತೆಗೆದುಕೊಳ್ಳಬಹುದು ಅಂತ ಸ್ಪಷ್ಟವಾಗಿ ಇದೆ. "ಹಾಕಿಕೊಟ್ಟಿದ್ದು, ಕನ್ನಡ ಕೀಲಿಮಣೆ ಸಹಿತ, ಆರು ತಿಂಗಳ ಸರ್ವಿಸ್" ಅಂತ ರಸೀದಿ ಬರೆದು ಕೊಡಬಹುದು. ಕಳ್ಳ ವಿಂಡೋಸಿಗೆ ಯಾವ ಅಂಗಡಿಯವರಾದರೂ ರಸೀದಿ ಬರೆಯಲು ಆಗುತ್ತದೆಯೇ? ಈ ಮಾತು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹುಡುಗನನ್ನು ಕರೆದು ಚಹಾ ತರಿಸಿದರು.

ನಾವು ಮಾಡಿ ನೋಡಿದ್ದು

ಅಂಗಡಿ ಮೂಲೆಯಲ್ಲಿದ್ದ ಐದು ಹಳೇ ಲ್ಯಾಪ್‌ಟಾಪುಗಳನ್ನು ತೆಗೆದುಕೊಂಡೆವು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿದೆವು. 4 ಜಿ.ಬಿ. ರ‍್ಯಾಮ್ ಇದ್ದರೆ ಆರಾಮಾಗಿ ನಡೆಯುತ್ತದೆ, ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ವಿಂಡೋಸ್ ಬಳಸಿದವರಿಗೆ ದಿಕ್ಕು ತಪ್ಪುವುದಿಲ್ಲ. 2024ರಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ.

ಮಿಂಟ್‌ನ ಬೂಟ್ ಮೆನುವಿನಲ್ಲಿ ಓಇಎಂ ಇನ್‌ಸ್ಟಾಲ್ ಅನ್ನುವ ಆಯ್ಕೆ ಇದೆ. ನಮ್ಮಂಥವರು ಅದರ ಕಡೆ ನೋಡುವುದೇ ಇಲ್ಲ, ಆದರೆ ಅಂಗಡಿಯವರಿಗೆಂದೇ ಮಾಡಿದ್ದು ಅದು. ಅಂಗಡಿಯಲ್ಲಿ ಎಲ್ಲ ಹಾಕಿ, ಕನ್ನಡ ಕೀಲಿಮಣೆ ಸರಿ ಮಾಡಿ, ಮುಚ್ಚಿ ಇಡಬಹುದು. ಕೊಂಡವರು ಮನೆಗೆ ಹೋಗಿ ಮೊದಲ ಸಲ ಆನ್ ಮಾಡಿದಾಗ ಹೆಸರು, ಪಾಸ್‌ವರ್ಡ್ ಅವರೇ ಕೊಟ್ಟುಕೊಳ್ಳುತ್ತಾರೆ. ಹೊಸ ಗಣಕ ಕೊಂಡ ಹಾಗೇ ಇರುತ್ತದೆ. ಒಂದು ಗಣಕ ಸಿದ್ಧ ಮಾಡಿ ಕ್ಲೋನ್‌ಜಿಲ್ಲಾದಿಂದ ಅದರ ಅಚ್ಚು ತೆಗೆದುಕೊಂಡರೆ ಉಳಿದವಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಟೈಮ್‌ಶಿಫ್ಟ್ ಹಾಕಿಟ್ಟೆವು. ಗಿರಾಕಿ ಏನಾದರೂ ಕೆಡಿಸಿಕೊಂಡು ಬಂದರೆ ಹಿಂದಿನ ಸ್ಥಿತಿಗೆ ಮರಳಿಸಬಹುದು. ಇದನ್ನು ತೋರಿಸಿದಾಗ ಅಂಗಡಿಯವರ ಮುಖ ನೋಡಬೇಕಿತ್ತು. "ಇದು ಮೊದಲೇ ಹೇಳ್ಬೇಕಿತ್ತು ಸಾರ್" ಅಂದರು.

ನಾನು ವಾಪಸ್ ಬಂದ ಮೇಲೆ ಮೂರು ತಿಂಗಳು ಫೋನಿನಲ್ಲಿ ಜೊತೆಗಿದ್ದೆ. ಬಂದ ಪ್ರಶ್ನೆಗಳು ಬಹಳ ಸರಳ. "ಸಿ ಡ್ರೈವ್ ಎಲ್ಲಿ?" "ಇಂಟರ್ನೆಟ್ಟಿಂದ ಇಳಿಸಿದ ಸೆಟಪ್ ಫೈಲ್ ತೆರೆಯಲ್ಲ." "ಫೋನಿಂದ ಫೋಟೋ ಹೆಂಗೆ ಹಾಕ್ಕೊಳ್ಳೋದು?" ಐದರಲ್ಲಿ ಒಂದು ವಾಪಸ್ ಬಂತು, ಕೊಂಡವರಿಗೆ ಟ್ಯಾಲಿ ಕಲಿಯಬೇಕಿತ್ತು. ಉಳಿದ ನಾಲ್ಕು ನಿಂತವು. ನಾಲ್ಕು ದೊಡ್ಡ ಸಂಖ್ಯೆ ಅಲ್ಲ. ಆದರೆ ಮೂರನೇ ತಿಂಗಳ ಹೊತ್ತಿಗೆ ಫೋನ್ ಬರುವುದು ಕಡಿಮೆ ಆಯಿತು, ಉತ್ತರ ಅವರಿಗೇ ಗೊತ್ತಾಗತೊಡಗಿತ್ತು. ನನಗೆ ಮುಖ್ಯವಾಗಿ ಕಂಡದ್ದು ಅದು. ಲಿನಕ್ಸ್ ಬಲ್ಲ ಒಬ್ಬ ಮನುಷ್ಯ ಈಗ ಆ ಊರಿನಲ್ಲೇ ಇದ್ದಾನೆ.

ಎರಡು ಪಾಠಗಳು

ನಾವಿರುವ ಈ ದೇಶದ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸಿಗೆ ಹೋಗುವ ತೀರ್ಮಾನ ಮಾಡಿತು. ಹತ್ತು ವರ್ಷದಲ್ಲಿ ಸುಮಾರು 15 ಸಾವಿರ ಗಣಕಗಳು ಬದಲಾದವು. ಆದರೂ 2017ರಲ್ಲಿ ವಿಂಡೋಸಿಗೆ ಮರಳುವ ನಿರ್ಣಯ ಆಯಿತು. ಕಾರಣಗಳ ಬಗ್ಗೆ ಇವತ್ತಿಗೂ ವಾದ ಇದೆ. ನನಗೆ ಕಾಣುವುದು ಇಷ್ಟು: ಮೇಲಿನಿಂದ ಬಂದ ನಿರ್ಣಯ ಮೇಲಿನವರು ಬದಲಾದಾಗ ಬದಲಾಗಬಹುದು. 2024ರಲ್ಲಿ ಉತ್ತರದ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯ ತನ್ನ ಸುಮಾರು 30 ಸಾವಿರ ಸರ್ಕಾರಿ ಗಣಕಗಳನ್ನು ಲಿಬ್ರೆ ಆಫೀಸಿಗೆ ಒಯ್ಯುವ ತೀರ್ಮಾನ ಮಾಡಿದೆ. ಅದು ನಿಲ್ಲಲಿ ಅಂತ ಹಾರೈಸೋಣ.

ಎರಡನೆಯದು ಪಕ್ಕದ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಗಣಕ ಪಾಠ ಮುಕ್ತ ತಂತ್ರಾಂಶದ ಮೇಲೇ ನಡೆಯುತ್ತದೆ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಅವರದೇ ಲಿನಕ್ಸ್ ಆವೃತ್ತಿ ಇದೆ. ಅವರು ಬರೀ ಡಿಸ್ಕ್ ಹಂಚಲಿಲ್ಲ, ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು. ಕಲಿಸುವವರನ್ನು ಹಿಡಿದರೆ ಕಲಿಯುವವರು ತಾವಾಗಿ ಬರುತ್ತಾರೆ. ನಮ್ಮಲ್ಲಿ ಸರ್ಕಾರ ಅಷ್ಟು ಮಾಡುವವರೆಗೆ ಕಾಯುವುದಾದರೆ ಕಾಯುತ್ತಲೇ ಇರಬೇಕು. ಅಂಗಡಿಯವರನ್ನು ಹಿಡಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ನಾವು ಮಾಡಬಹುದಾದದ್ದು

1. ಒಬ್ಬರಿಗೆ ಒಂದು ಅಂಗಡಿ. ಮುಂದಿನ ಸಲ ಊರಿಗೆ ಹೋದಾಗ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತು ಬನ್ನಿ. ಮೊದಲ ಒಂದು ಗಂಟೆ ಅವರ ಮಾತು ಕೇಳಿ. ಕಳ್ಳ ಪ್ರತಿ ಅಂತ ಬೈಯಬೇಡಿ. ಹತ್ತು ಬಗೆಯ ಲಿನಕ್ಸ್ ಹೆಸರು ಹೇಳಬೇಡಿ. ಒಂದೇ ಒಂದನ್ನು ತೋರಿಸಿ.

2. ಒಂದು ಪೆನ್ ಡ್ರೈವ್, ಒಂದು ಹಾಳೆ. ಇನ್‌ಸ್ಟಾಲ್ ಮಾಡದೆಯೇ ಪೆನ್ ಡ್ರೈವಿನಿಂದ ನಡೆಸಿ ತೋರಿಸಬಹುದು, ಗಿರಾಕಿಯ ವೈಫೈ, ಸ್ಪೀಕರ್, ಪ್ರಿಂಟರ್ ನಡೆಯುತ್ತದೆಯೋ ಅಂತ ಅಲ್ಲೇ ಗೊತ್ತಾಗುತ್ತದೆ. ಹಾಕುವ ಕ್ರಮ, ಕನ್ನಡ ಕೀಲಿಮಣೆ ಸರಿ ಮಾಡುವ ಕ್ರಮ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಇರಲಿ. ಕರಡು ನಾನು ಬರೆದಿದ್ದೇನೆ. ತಿದ್ದಲು ಇಬ್ಬರು ಬೇಕು, ಮುಖ್ಯವಾಗಿ ಕನ್ನಡ ಚೆನ್ನಾಗಿ ಬಲ್ಲವರು.

3. ಫೋನಿನ ಪಾಳಿ. "ನೀವು ಹೊರಟುಬಿಡ್ತೀರಾ" ಅಂದರಲ್ಲ, ಅದಕ್ಕೆ ಇದೇ ಉತ್ತರ. ನಮ್ಮವರು ಎಲ್ಲ ದೇಶದಲ್ಲೂ ಇದ್ದಾರೆ. ಊರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆಗೆದಾಗ ದುಬೈಯಲ್ಲಿ ಎಂಟೂವರೆ, ಸಿಂಗಪುರದಲ್ಲಿ ಹನ್ನೆರಡೂವರೆ. ಸಂಜೆ ಏಳಕ್ಕೆ ಇಲ್ಲಿ ನಮಗೆ ಮಧ್ಯಾಹ್ನ, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ. ವಾರಕ್ಕೆ ಎರಡು ಗಂಟೆ ಕೊಡುವ ಹತ್ತು ಜನ ಸಿಕ್ಕರೆ ಅಂಗಡಿಯವರು ಫೋನ್ ಮಾಡಿದಾಗ ಎತ್ತುವವರು ಯಾರಾದರೂ ಇದ್ದೇ ಇರುತ್ತಾರೆ. ಕಂಪನಿಗಳಿಗೆ ಇಪ್ಪತ್ನಾಲ್ಕು ಗಂಟೆ ಪಾಳಿ ಮಾಡಿ ಗೊತ್ತಿರುವ ನಮಗೆ ಇದೇನು ಕಷ್ಟ?

4. ಶಾಲೆಗೆ ಕೊಡುವ ದಾನ ಅಂಗಡಿ ಮೂಲಕ ಹೋಗಲಿ. ನಮ್ಮಲ್ಲಿ ಬಹಳ ಜನ ಓದಿದ ಶಾಲೆಗೆ ಗಣಕ ಕೊಡಿಸಿದ್ದೀರಿ. ಒಂದು ವರ್ಷದ ನಂತರ ಹೋಗಿ ನೋಡಿದರೆ ಎಷ್ಟೋ ಕಡೆ ಅವು ಹೆಡ್‌ಮಾಸ್ಟರ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿರುತ್ತವೆ. ಕೆಟ್ಟಾಗ ನೋಡುವವರು ಇರುವುದಿಲ್ಲ. ಇನ್ನು ಮೇಲೆ ಬೆಂಗಳೂರಿನಿಂದ ಕಳಿಸಬೇಡಿ. ಊರಿನ ಅಂಗಡಿಯಿಂದಲೇ ಕೊಳ್ಳಿ, ಲಿನಕ್ಸ್ ಹಾಕಿಸಿ, ಎರಡು ವರ್ಷದ ಸರ್ವಿಸ್ ದುಡ್ಡನ್ನು ಮುಂಗಡ ಕೊಟ್ಟು ರಸೀದಿ ತೆಗೆದುಕೊಳ್ಳಿ. ಶಾಲೆಗೂ ಆಗುತ್ತದೆ, ಅಂಗಡಿಗೂ ಆಗುತ್ತದೆ. ಅಲ್ಲಿ ಕಲಿತ ಮಗು ಮುಂದೆ ಅದೇ ಅಂಗಡಿಗೆ ಬಂದು "ಮಿಂಟ್ ಹಾಕ್ಕೊಡಿ" ಅಂತ ಕೇಳುತ್ತದೆ.

5. ಪಟ್ಟಿ. ಯಾವ ಊರಿನಲ್ಲಿ ಯಾವ ಅಂಗಡಿ ಲಿನಕ್ಸ್ ಹಾಕಿಕೊಡುತ್ತದೆ ಅನ್ನುವ ಪಟ್ಟಿ ಮಾಡೋಣ, ಅವರ ಒಪ್ಪಿಗೆ ಪಡೆದು. ಹತ್ತು ಊರು ಸಾಕು ಶುರು ಮಾಡಲು.

ಕೊನೆಯ ಮಾತು

ಇದರಿಂದ ನಮಗೇನು ಲಾಭ ಅಂತ ಯಾರಾದರೂ ಕೇಳಬಹುದು. ನಾವು ಇಲ್ಲಿ ಕೂತು ಕನ್ನಡ ಉಳಿಯಬೇಕು, ಬೆಳೆಯಬೇಕು ಅಂತ ಮಾತಾಡುತ್ತೇವೆ. ರಾಜ್ಯೋತ್ಸವ ಮಾಡುತ್ತೇವೆ, ಬಾವುಟ ಹಾರಿಸುತ್ತೇವೆ. ಒಳ್ಳೆಯದೇ. ಆದರೆ ನಮ್ಮ ಊರಿನ ಒಂದು ಮಗು ಮೊದಲ ಸಲ ಗಣಕ ಆನ್ ಮಾಡಿದಾಗ ಅದರಲ್ಲಿ ಕನ್ನಡ ಬರೆಯಲು ಬರುತ್ತದೆಯೋ ಇಲ್ಲವೋ ಅನ್ನುವುದು ನಮ್ಮ ಸಮ್ಮೇಳನದ ನಿರ್ಣಯಗಳಿಂದ ತೀರ್ಮಾನ ಆಗುವುದಿಲ್ಲ. ಮಾರುವ ಮುಂಚೆ ಅಂಗಡಿಯವರು ಕೊಡುವ ಅರ್ಧ ಗಂಟೆಯಲ್ಲಿ ತೀರ್ಮಾನ ಆಗುತ್ತದೆ. ಆ ಅರ್ಧ ಗಂಟೆಗೆ ಬೇಕಾದ ವಿದ್ಯೆ ನಮ್ಮ ಹತ್ತಿರ ದಂಡಿಯಾಗಿದೆ. ಊರಿನ ದುಡ್ಡಿನಲ್ಲಿ, ಊರಿನ ಕಾಲೇಜಿನಲ್ಲಿ ಕಲಿತ ವಿದ್ಯೆ. ಅದನ್ನು ಊರಿಗೆ ಮುಟ್ಟಿಸುವುದು ಉಪಕಾರ ಅಲ್ಲ, ಬಾಕಿ ತೀರಿಸಿದ ಹಾಗೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ಊಟಕ್ಕೆ ಹೋಗುವ ಮುಂಚೆ ನಿಮ್ಮ ಊರಿನ ಹೆಸರು, ಮತ್ತೆ ಯಾವಾಗ ಊರಿಗೆ ಹೋಗುತ್ತೀರಿ ಅನ್ನುವುದು, ಇವೆರಡನ್ನು ಬರೆದು ಹೋಗಿ. ಪೆನ್ ಡ್ರೈವ್ ನಿಮ್ಮ ಕೈಗೆ ಮುಟ್ಟಿಸುವುದು ನನ್ನ ಕೆಲಸ.